ಚಳಿಗಾಲಕ್ಕೆ ಬೈಕ್ ಮುಚ್ಚಿಡೋರು ಒಂದ್ಸಲ ಇದನ್ನ ಓದ್ಬಿಡಿ

ಹೋದ ಚಳಿಗಾಲದಲ್ಲಿ ನಾಲ್ಕು ತಿಂಗಳು ಬೈಕ್ ಓಡ್ಸಲ್ಲ ಅಂತ ಗೊತ್ತಿತ್ತು, ಅದಕ್ಕೇ ಚೆನ್ನಾಗಿ ತೊಳ್ದು, ಒರ್ಸಿ, ಪಾಲಿಶ್ ಹೊಡ್ದು, ದಪ್ಪ ಪ್ಲಾಸ್ಟಿಕ್ ಶೀಟ್ ಹೊದ್ಸಿ ಸುತ್ತ ಹಗ್ಗ ಕಟ್ಟಿ ನಿಲ್ಸಿದ್ದೆ. ನನ್ನಷ್ಟು ಗಾಡಿ ನೋಡ್ಕೊಳೋರು ಯಾರಿದಾರೆ ಅನ್ನೋ ಜಂಬ ಬೇರೆ. ಪ್ರತಿ ಭಾನುವಾರ ಶೀಟ್ ಸ್ವಲ್ಪ ಸರ್ಸಿ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿ ಬರ್ತಿದ್ದೆ, ಎರಡು ತಿಂಗಳು ಆದ್ಮೇಲೆ ಚಳಿಗೆ ಎದ್ದು ಹೋಗೋಕೆ ಸೋಮಾರಿತನ ಬಂದು ಅದೂ ನಿಂತ್ಹೋಯ್ತು.

ಬಿಸಿಲು ಬಂದ ಮೇಲೆ ಶೀಟ್ ತೆಗ್ದೆ ನೋಡಿ, ಮೊದ್ಲು ಮುಖಕ್ಕೆ ಹೊಡ್ದಿದ್ದು ಮುಗ್ಗಲು ವಾಸನೆ. ಸೀಟ್ ಮೇಲೆ ಬಿಳಿ ಬೂಷ್ಟು, ಚೈನ್ ಪೂರ್ತಿ ಕೆಂಪು. ಪ್ಲಾಸ್ಟಿಕ್ ಗಾಳಿ ಆಡೋಕೆ ಬಿಡಲ್ಲ, ಒಳಗಿನ ತೇವ ಒಳಗೇ ಉಳೀತು. ಸೆಲ್ಫ್ ಒತ್ತಿದ್ರೆ ಟಕ್ ಟಕ್ ಅಷ್ಟೇ. ಮೀಟರ್ ಇಟ್ಟು ನೋಡಿದ್ರೆ ಬ್ಯಾಟ್ರಿ 10.9 ವೋಲ್ಟ್, ಫುಲ್ ಚಾರ್ಜ್ ಇದ್ರೆ ಸುಮಾರು 12.6 ಇರ್ಬೇಕು. ಕಿಕ್ ಹೊಡ್ದು ಹೊಡ್ದು ಕಾಲು ನೋವು ಬಂತೇ ಹೊರತು ಇಂಜಿನ್ ಒಂದು ಸಲ ಕೆಮ್ಮಲೂ ಇಲ್ಲ.

ಮೆಕ್ಯಾನಿಕ್ ಬಂದು ಕಾರ್ಬುರೇಟರ್ (ಪೆಟ್ರೋಲ್‌ನ ಗಾಳಿ ಜೊತೆ ಬೆರೆಸಿ ಇಂಜಿನ್‌ಗೆ ಕಳ್ಸೋ ಭಾಗ) ಬಿಚ್ಚಿ ಅದರ ಕೆಳಗೆ ಪೆಟ್ರೋಲ್ ನಿಲ್ಲೋ ಪುಟ್ಟ ಬಟ್ಟಲು, ಅಂದ್ರೆ ಫ್ಲೋಟ್ ಬೌಲ್ ತೋರ್ಸಿದ್ರು, ತಳದಲ್ಲಿ ಜೇನುತುಪ್ಪದ ಬಣ್ಣದ ಅಂಟು, ಹಳೇ ಪೇಂಟ್ ಥರ ವಾಸನೆ. ಪೆಟ್ರೋಲ್ ಹಾದು ಹೋಗೋಕೆ ಪೈಲಟ್ ಜೆಟ್ ಅಂತ ಒಂದಿದೆ, ಅದರ ತೂತು ಸೂಜಿ ಮೊನೆಗಿಂತ ದೊಡ್ಡದೇನಲ್ಲ, ಅದನ್ನ ಬೆಳಕಿಗೆ ಹಿಡಿದು "ನೋಡಿ ಸಾರ್, ಆಚೆ ಕಡೆ ಏನಾದ್ರೂ ಕಾಣುತ್ತಾ" ಅಂದ್ರು. ಏನೂ ಕಾಣ್ಲಿಲ್ಲ. ಬೌಲ್‌ನಲ್ಲಿ ನಿಂತ ಪೆಟ್ರೋಲ್ ಆವಿಯಾಗಿ ಹೋಗುತ್ತೆ, ಉಳಿಯೋದು ಈ ಅಂಟು. ಟ್ಯಾಂಕ್ ಅರ್ಧ ಖಾಲಿ ಬಿಟ್ಟಿದ್ದೆ, ಖಾಲಿ ಭಾಗದ ಗಾಳಿಯಲ್ಲಿದ್ದ ತೇವ ಚಳಿಗೆ ನೀರಾಗಿ ಗೋಡೆಗೆಲ್ಲಾ ತುಕ್ಕು ಹಿಡ್ಸಿತ್ತು. ಎಥನಾಲ್ ಬೆರೆಸಿದ ಪೆಟ್ರೋಲ್ ಬೇರೆ ನೀರನ್ನ ಎಳ್ಕೊಳುತ್ತೆ, ನೀರು ಜಾಸ್ತಿ ಆದ್ರೆ ಎಥನಾಲ್ ಸಮೇತ ಬೇರೆಯಾಗಿ ತಳಕ್ಕೆ ಕೂರುತ್ತೆ.

ಏರ್ ಫಿಲ್ಟರ್ ಬಾಕ್ಸ್ ತೆಗೆದ್ರೆ ನಮ್ಮದೇ ಸೀಟಿನ ಸ್ಪಂಜು ಚೂರು ಚೂರು ಮಾಡಿ ಇಲಿ ಸಂಸಾರ ಹೂಡಿತ್ತು!

ನಂಗೆ ನಿಜವಾಗ್ಲೂ ಹೊಟ್ಟೆ ಉರಿದಿದ್ದು ಭಾನುವಾರದ ಸ್ಟಾರ್ಟ್ ಬಗ್ಗೆ ಮೆಕ್ಯಾನಿಕ್ ಹೇಳಿದ್ದು ಕೇಳಿ. ಐದು ನಿಮಿಷಕ್ಕೆ ಇಂಜಿನ್ ಸರಿಯಾಗಿ ಬಿಸಿ ಆಗಲ್ಲ, ಪೆಟ್ರೋಲ್ ಉರಿದಾಗ ಹುಟ್ಟೋ ನೀರಾವಿ ಹೊರಗೆ ಹೋಗದೆ ಸೈಲೆನ್ಸರ್ ಒಳಗೂ ಆಯಿಲ್‌ಗೂ ಸೇರ್ಕೊಳುತ್ತೆ, ಸೆಲ್ಫ್ ತಿಂದ ಚಾರ್ಜ್ ಕೂಡ ಬ್ಯಾಟ್ರಿಗೆ ವಾಪಸ್ ತುಂಬಲ್ಲ. ಅಂದ್ರೆ ಎರಡು ತಿಂಗಳು ನಿದ್ದೆಗೆಟ್ಟು ಹೋಗಿ ನಾನೇ ಗಾಡಿ ಹಾಳು ಮಾಡ್ತಿದ್ದೆ. ಮುಚ್ಚಿಟ್ಟ ಮೇಲೆ ಸ್ಟಾರ್ಟ್ ಮಾಡಲೇಬೇಡಿ, ಇಲ್ಲಾಂದ್ರೆ ಚೆನ್ನಾಗಿ ಬಿಸಿ ಆಗೋವರ್ಗೂ ರೋಡಲ್ಲಿ ಓಡ್ಸಿ ಬನ್ನಿ.

ಈ ಸಲ ಟ್ಯಾಂಕ್ ಫುಲ್ ಮಾಡ್ಸಿ ಫ್ಯುಯೆಲ್ ಸ್ಟೆಬಿಲೈಜರ್ (ಪೆಟ್ರೋಲ್ ಬೇಗ ಕೆಡದ ಹಾಗೆ ಬೆರೆಸೋ ದ್ರವ) ಹಾಕಿ, ಅದು ಕಾರ್ಬುರೇಟರ್‌ವರ್ಗೂ ಹೋಗ್ಲಿ ಅಂತ ಒಂದು ಸುತ್ತು ಹೊಡ್ದು ಬಂದೆ, ಆಮೇಲೆ ಪೆಟ್ರೋಲ್ ಕಾಕ್ ಮುಚ್ಚಿ ಬೌಲ್ ಕೆಳಗಿನ ಸ್ಕ್ರೂ ಸಡಿಲ ಮಾಡಿ ಇದ್ದಿದ್ದನ್ನ ಬಸಿದೆ (ಕಾರ್ಬುರೇಟರ್ ಇಲ್ದಿರೋ ಇಂಜೆಕ್ಷನ್ ಗಾಡಿಗೆ ಈ ಬಸಿಯೋ ಕೆಲಸ ಇಲ್ಲ). ಇಂಜಿನ್ ಬಿಸಿ ಇರೋವಾಗ್ಲೇ ಆಯಿಲ್ ಚೇಂಜ್ ಮಾಡಿದೆ, ಹಳೇ ಆಯಿಲ್‌ನಲ್ಲಿ ತೇವ, ಆಸಿಡ್ ಎರಡೂ ಇರುತ್ತೆ, ಅದನ್ನ ತಿಂಗಳುಗಟ್ಟಲೆ ಬೇರಿಂಗ್ ಮೇಲೆ ಬಿಡಬಾರದು. ಬ್ಯಾಟ್ರಿ ಬಿಚ್ಚಿ ಮನೆ ಒಳಗೆ ತಂದಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡ್ತೀನಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗೋ ಜಾಗದಲ್ಲಿರೋರು ಇದನ್ನ ಬಿಡ್ಲೇಬೇಡಿ, ಚಾರ್ಜ್ ಇಳಿದ ಬ್ಯಾಟ್ರಿ ಬೇಗ ಹೆಪ್ಪುಗಟ್ಟಿ ಒಡೆದೇ ಹೋಗ್ಬಹುದು. ಲಿಥಿಯಂ ಬ್ಯಾಟ್ರಿ ಆದ್ರೆ ಅದರದ್ದೇ ಚಾರ್ಜರ್ ಬೇಕು. ಚೈನ್‌ಗೆ ಲ್ಯೂಬ್ ಹಾಕಿ ಡಬಲ್ ಸ್ಟ್ಯಾಂಡ್ ಹಾಕಿದೀನಿ, ಪ್ಲಾಸ್ಟಿಕ್ ಬಿಟ್ಟು ಬಟ್ಟೆ ಕವರ್, ಅದೂ ಗಾಡಿ ಪೂರ್ತಿ ಒಣಗಿದ ಮೇಲೆ.

ಇಲಿಗೆ ಹೆದರಿ ಸೈಲೆನ್ಸರ್ ಬಾಯಿಗೂ ಬಟ್ಟೆ ತುರುಕಿದೀನಿ. ನನ್ನ ನೆನಪಿನ ಮೇಲೆ ನಂಗೇ ನಂಬಿಕೆ ಇಲ್ಲ, ಅದಕ್ಕೇ ಬೈಕ್ ಕೀಗೆ "ಸೈಲೆನ್ಸರ್ ಒಳಗೆ ಬಟ್ಟೆ ಇದೆ" ಅಂತ ಒಂದು ಚೀಟಿ ಕಟ್ಟಿಟ್ಟಿದೀನಿ.