ಗೋಡೆ ಒಡೆಯದೆ ನೀರಿನ ಸದ್ದು ಹುಡುಕಿಕೊಟ್ಟ ಪ್ಲಂಬರ್

ಎಲ್ಲ ನಲ್ಲಿ ಬಂದ್ ಮಾಡಿ ಮಲಗಿದರೂ ಗೋಡೆಯೊಳಗೆ ಸರ್ ಅಂತ ನೀರು ಹರಿಯುವ ಸದ್ದು. ಮೊದಲು ಬಂದವರು ನೋಡಿದ್ದೇ ತಡ, ಗೋಡೆ ಒಡೆಯಬೇಕು ಅಂದರು. ಆಮೇಲೆ ಕರೆಸಿದ ಈ ಪ್ಲಂಬರ್ ಸುತ್ತಿಗೆ ಮುಟ್ಟಲೇ ಇಲ್ಲ. ನಲ್ಲಿಗಳನ್ನೆಲ್ಲ ಮುಚ್ಚಿಸಿ ಮೀಟರ್ ನೋಡಿದರು, ಅದರ ಪುಟ್ಟ ಚಕ್ರ ನಿಧಾನವಾಗಿ ತಿರುಗುತ್ತಲೇ ಇತ್ತು, ಅಂದರೆ ನೀರು ಎಲ್ಲೋ ಹೋಗುತ್ತಿದೆ ಅಂತ ಖಾತ್ರಿಯಾಯಿತು. ಫ್ಲಶ್ ಟ್ಯಾಂಕಿನ ವಾಲ್ವ್ ಮುಚ್ಚಿದರು. ಸದ್ದು ನಿಂತಿತು! ಟ್ಯಾಂಕಿಗೆ ನಾಲ್ಕು ಹನಿ ಅಡುಗೆ ಬಣ್ಣ ಹಾಕಿ, ಫ್ಲಶ್ ಮಾಡದೆ 20 ನಿಮಿಷ ಕಾದರೆ ಬಣ್ಣ ಕಮೋಡಿಗೆ ಇಳಿದಿತ್ತು. ತಳದ ರಬ್ಬರ್ ಸವೆದಿತ್ತು, ಅಷ್ಟೇ. ಸದ್ದು ಪೈಪಿನ ಗುಂಟ ಸಾಗಿ ಬೇರೆ ಕಡೆ ಕೇಳಿಸುತ್ತದೆ ಅಂತ ಸಮಾಧಾನವಾಗಿ ವಿವರಿಸಿದ್ದು ನನಗೆ ಜಾಸ್ತಿ ಇಷ್ಟವಾಯಿತು. ಹೇಳಿದ ಹೊತ್ತಿಗೆ ಬರಲಿಲ್ಲ, ಅದೊಂದೇ ಬೇಸರ. ಆದರೂ ಮತ್ತೆ ಇವರನ್ನೇ ಕರೆಯುತ್ತೇನೆ.