ಸಿರಿಲ್: ಗೆಲಾಕ್ಸಿ ಚಿತ್ರಕ್ಕೆ ಕಾಸಿಲ್ಲದೆ ಸಿಗುವ ತಂತ್ರಾಂಶ ಎಷ್ಟು ದೂರ ಕರೆದೊಯ್ಯುತ್ತದೆ?

ಕ್ಯಾಮೆರಾದ ಹಿಂಬದಿ ಪರದೆಯಲ್ಲಿ ದೇವಯಾನಿ (ಆಂಡ್ರೊಮಿಡಾ, ಎಂ31) ಗೆಲಾಕ್ಸಿ ಬರೀ ಒಂದು ಮಸುಕು ಮಚ್ಚೆ. ಅರವತ್ತು ಸೆಕೆಂಡಿನ ಒಂದು ಎಕ್ಸ್‌ಪೋಶರ್‌ನಲ್ಲಿ ನಡುಭಾಗ ಕಾಣುತ್ತದೆ, ಸುರುಳಿ ತೋಳುಗಳು ನಾಯ್ಸ್‌ನಲ್ಲಿ, ಅಂದರೆ ಚಿತ್ರದ ಕಾಳುಕಾಳಾದ ಗೊಜಲಿನಲ್ಲಿ, ಹೂತುಹೋಗಿರುತ್ತವೆ. ಅಂಥ ನೂರಿಪ್ಪತ್ತು ಫ್ರೇಮುಗಳನ್ನು ಒಂದರ ಮೇಲೊಂದು ಕೂರಿಸಿ, ಊರಿನ ದೀಪಗಳ ಬೆಳಕನ್ನು ಕಳೆದು, ಬಣ್ಣ ಸರಿಮಾಡಿ, ಆ ತೋಳುಗಳನ್ನು ಮೇಲಕ್ಕೆತ್ತುವ ಕೆಲಸ ಸಿರಿಲ್‌ನದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುವ ಮುಕ್ತ ತಂತ್ರಾಂಶ. ಐರಿಸ್ ಎಂಬ ಹಳೆಯ ವಿಂಡೋಸ್ ತಂತ್ರಾಂಶದ ಹೆಸರನ್ನು ಹಿಂದುಮುಂದಾಗಿಸಿ ಸಿರಿ, ಅದಕ್ಕೆ ಲಿನಕ್ಸ್‌ನ ಮೊದಲ ಅಕ್ಷರ ಸೇರಿಸಿ ಸಿರಿಲ್. ಕನ್ನಡದ ಕಿವಿಗೆ ಆ ಸಿರಿ ಬೇರೆಯೇ ಅರ್ಥ ಕೊಡುತ್ತದೆ. ಆ ಅರ್ಥವೂ ಇದಕ್ಕೆ ಒಪ್ಪುತ್ತದೆ.

ಈ ವಿಮರ್ಶೆಗೆ ಇಟ್ಟುಕೊಂಡ ಅಳತೆಗೋಲು ನಮ್ಮಲ್ಲಿ ಹೆಚ್ಚಿನವರ ಬಳಿ ಇರುವಂಥ ಸಾಮಗ್ರಿ: ಕ್ಯಾನನ್ 1500ಡಿ ಕ್ಯಾಮೆರಾ, 200 ಮಿ.ಮೀ. ಲೆನ್ಸ್, ಆಕಾಶದ ಚಲನೆಗೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಚಿಕ್ಕ ಸ್ಟಾರ್ ಟ್ರ್ಯಾಕರ್, ಅರವತ್ತು ಸೆಕೆಂಡಿನ 120 ಫ್ರೇಮು. ಈ ಕ್ಯಾಮೆರಾದ ಪಿಕ್ಸೆಲ್ ಸುಮಾರು 3.7 ಮೈಕ್ರಾನ್. 200 ಮಿ.ಮೀ.ನಲ್ಲಿ ಒಂದು ಪಿಕ್ಸೆಲ್‌ಗೆ ಆಕಾಶದ 3.8 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಬೀಳುತ್ತದೆ, ಫ್ರೇಮಿನ ಉದ್ದ ಸುಮಾರು 6.4 ಡಿಗ್ರಿ. ದೇವಯಾನಿ ಮೂರು ಡಿಗ್ರಿಗೂ ಉದ್ದವಾಗಿರುವುದರಿಂದ ಅರ್ಧ ಫ್ರೇಮನ್ನು ತುಂಬುತ್ತದೆ. ಈ ಅರ್ಧ ಫ್ರೇಮಿನ ಲೆಕ್ಕ ನೆನಪಿರಲಿ, ಮುಂದೆ ತೊಂದರೆ ಕೊಡುವುದು ಅದೇ.

ಶುರು ಮಾಡುವುದು ಸುಲಭ. ಒಂದು ಫೋಲ್ಡರ್ ಮಾಡಿ, ಅದರೊಳಗೆ ಲೈಟ್ಸ್, ಡಾರ್ಕ್ಸ್, ಫ್ಲ್ಯಾಟ್ಸ್, ಬಯಾಸಸ್ ಎಂದು ನಾಲ್ಕು ಫೋಲ್ಡರ್ ಇಡಬೇಕು. ಲೈಟ್ ಎಂದರೆ ಗೆಲಾಕ್ಸಿಯ ಫ್ರೇಮು, ಡಾರ್ಕ್ ಮುಚ್ಚಳ ಹಾಕಿ ಅಷ್ಟೇ ಹೊತ್ತು ತೆಗೆದದ್ದು, ಫ್ಲ್ಯಾಟ್ ಸಮನಾದ ಬೆಳಕಿನದು, ಬಯಾಸ್ ಮುಚ್ಚಳ ಹಾಕಿ ಅತಿ ಕಡಿಮೆ ಹೊತ್ತು ತೆಗೆದದ್ದು. ಹೆಸರು ಇಂಗ್ಲಿಷಿನ ಸಣ್ಣಕ್ಷರದಲ್ಲೇ, ಕೊನೆಯ ಬಹುವಚನ ಪ್ರತ್ಯಯದ ಸಮೇತ ಇರಬೇಕು. ಒಂದಕ್ಷರ ತಪ್ಪಿದರೂ ಈ ಕೆಲಸವನ್ನೆಲ್ಲ ತಾನಾಗಿ ನಡೆಸುವ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ರಾ ಫೈಲುಗಳನ್ನು ಮಾತ್ರ ಹಾಕಿ. ಕ್ಯಾಮೆರಾ ರಾ ಜೊತೆಗೆ ಜೆಪೆಗ್ ಕೂಡ ಬರೆಯುತ್ತಿದ್ದರೆ ಅವನ್ನು ಮೊದಲೇ ಬೇರೆ ಕಡೆ ಎತ್ತಿಡಿ. ಆಮೇಲೆ ಎಡ ಮೂಲೆಯ ಮನೆ ಚಿಹ್ನೆ ಒತ್ತಿ ಆ ದೊಡ್ಡ ಫೋಲ್ಡರನ್ನು ತೋರಿಸಿ, ಸ್ಕ್ರಿಪ್ಟ್ಸ್ ಮೆನುವಿನಿಂದ ಬಣ್ಣದ ಕ್ಯಾಮೆರಾಗಳಿಗೆಂದಿರುವ ಓಎಸ್‌ಸಿ ಪ್ರೀಪ್ರೊಸೆಸಿಂಗ್ ಆರಿಸಿದರೆ ಸಾಕು. ಫ್ಲ್ಯಾಟ್ ಇಲ್ಲದವರಿಗೆ, ಡಾರ್ಕ್ ಇಲ್ಲದವರಿಗೆ ಬೇರೆ ಬೇರೆ ಸ್ಕ್ರಿಪ್ಟುಗಳಿವೆ. ಕೊನೆಗೆ ರಿಸಲ್ಟ್ 7200ಎಸ್ ಎಂಬಂಥ ಫಿಟ್ಸ್ (ಖಗೋಳ ಚಿತ್ರಗಳ ಮಾದರಿಯ) ಫೈಲ್ ಹುಟ್ಟುತ್ತದೆ. 7200 ಎಂದರೆ ಒಟ್ಟು ಎಕ್ಸ್‌ಪೋಶರ್, ಸೆಕೆಂಡುಗಳಲ್ಲಿ.

ಡಿಸ್ಕ್‌ನಲ್ಲಿ ಜಾಗ ಎಷ್ಟು ಬೇಕೆಂಬುದನ್ನು ಹೊಸಬರು ಯೋಚಿಸಿರುವುದಿಲ್ಲ. 24 ಮೆಗಾಪಿಕ್ಸೆಲ್‌ನ ಒಂದು ಫ್ರೇಮು ಮೂರು ಬಣ್ಣ, 32 ಬಿಟ್ ಆಗಿ ಬಿಚ್ಚಿಕೊಂಡಾಗ 288 ಎಂಬಿ. ಕ್ಯಾಲಿಬ್ರೇಟ್ ಆದ, ಅಂದರೆ ಡಾರ್ಕ್, ಫ್ಲ್ಯಾಟ್‌ಗಳಿಂದ ತಿದ್ದಿದ, 120 ಫ್ರೇಮುಗಳಿಗೆ ಸುಮಾರು 35 ಜಿಬಿ. ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ ಕೂರಿಸಿದ ಪ್ರತಿಗಳಿಗೆ ಇನ್ನೊಂದು 35. ನೂರು ಜಿಬಿ ಖಾಲಿ ಇಟ್ಟುಕೊಳ್ಳದಿದ್ದರೆ ಸ್ಟ್ಯಾಕಿಂಗ್ (ಫ್ರೇಮುಗಳನ್ನು ಒಂದಾಗಿ ಸೇರಿಸುವುದು) ನಡುವೆಯೇ ಡಿಸ್ಕ್ ತುಂಬಿ ಕೆಲಸ ನಿಲ್ಲುತ್ತದೆ. ಪ್ರಿಫರೆನ್ಸಸ್‌ನಲ್ಲಿ ಫಿಟ್ಸ್ ಕಂಪ್ರೆಷನ್ ಹಾಕಿಕೊಂಡರೆ ಜಾಗ ಉಳಿಯುತ್ತದೆ, ವೇಗ ಸ್ವಲ್ಪ ತಗ್ಗುತ್ತದೆ. ರ‍್ಯಾಮ್ 8 ಜಿಬಿ ಇದ್ದರೂ ನಡೆಯುತ್ತದೆ. ಹಳೆಯ ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಮಾತ್ರ ತಾಳ್ಮೆ ಬೇಕು.

ಸ್ಕ್ರಿಪ್ಟ್ ಒಳ್ಳೆಯ ಫ್ರೇಮು, ಕೆಟ್ಟ ಫ್ರೇಮು ಎಂದು ಆರಿಸುವುದಿಲ್ಲ, ಎಲ್ಲವನ್ನೂ ಸೇರಿಸಿಬಿಡುತ್ತದೆ. ನಮ್ಮ ಕಡೆ ಇದು ಮುಖ್ಯ. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಬರೀ 13 ಡಿಗ್ರಿ ಎತ್ತರದಲ್ಲಿರುತ್ತದೆ. ಮರ, ಕಟ್ಟಡ, ಮಂಜಿನ ಮುಸುಕಿನಲ್ಲಿ ಟ್ರ್ಯಾಕರನ್ನು ಅದಕ್ಕೆ ನೆಟ್ಟಗೆ ಗುರಿಯಿಡುವುದು ಕಷ್ಟ, ಹೀಗಾಗಿ ಕೆಲವು ಫ್ರೇಮುಗಳಲ್ಲಿ ನಕ್ಷತ್ರಗಳು ಅಕ್ಕಿ ಕಾಳಿನಂತೆ ಉದ್ದವಾಗುತ್ತವೆ. ರಿಜಿಸ್ಟ್ರೇಶನ್, ಅಂದರೆ ನಕ್ಷತ್ರಕ್ಕೆ ನಕ್ಷತ್ರ ಹೊಂದಿಸುವುದು, ಮುಗಿದ ಮೇಲೆ ಪ್ಲಾಟ್ ಟ್ಯಾಬ್‌ಗೆ ಹೋದರೆ ಪ್ರತಿ ಫ್ರೇಮಿನ ಎಫ್‌ಡಬ್ಲ್ಯುಎಚ್‌ಎಂ, ಅಂದರೆ ನಕ್ಷತ್ರದ ದಪ್ಪ, ಮತ್ತು ರೌಂಡ್‌ನೆಸ್, ಅಂದರೆ ದುಂಡಗೆ ಎಷ್ಟಿದೆ ಎಂಬುದು, ಗ್ರಾಫಾಗಿ ಕಾಣುತ್ತವೆ. ಸಾಲು ಬಿಟ್ಟು ಎಫ್‌ಡಬ್ಲ್ಯುಎಚ್‌ಎಂನಲ್ಲಿ ಮೇಲಕ್ಕೆ ಜಿಗಿದ, ರೌಂಡ್‌ನೆಸ್‌ನಲ್ಲಿ ಕೆಳಕ್ಕೆ ಬಿದ್ದ ಬಿಂದುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸ್ಟ್ಯಾಕ್ ಮಾಡಿ. ನೂರಿಪ್ಪತ್ತರಲ್ಲಿ ಹತ್ತು ಹೋದರೆ ನಾಯ್ಸ್ ಏರುವುದು ಶೇಕಡಾ ನಾಲ್ಕರಷ್ಟು ಮಾತ್ರ, ನಕ್ಷತ್ರಗಳು ಬಿಗಿಯಾಗುವುದು ಕಣ್ಣಿಗೇ ಕಾಣುತ್ತದೆ. ವಿಮಾನ, ಉಪಗ್ರಹಗಳ ಗೆರೆಗಳಿಗೆ ಫ್ರೇಮು ಕಿತ್ತುಹಾಕಬೇಕಿಲ್ಲ. ಉಳಿದ ಫ್ರೇಮುಗಳಿಗಿಂತ ತೀರಾ ಬೇರೆಯಾದ ಪಿಕ್ಸೆಲ್‌ಗಳನ್ನು ಬಿಡುವ ವಿನ್ಸರೈಸ್ಡ್ ಸಿಗ್ಮಾ ಕ್ಲಿಪ್ಪಿಂಗ್, ಕೆಳಗೆ 3, ಮೇಲೆ 3, ಅವನ್ನು ಅಳಿಸುತ್ತದೆ.

ಸಿರಿಲ್‌ಗೂ ಸರಿಪಡಿಸಲಾಗದ ದೋಷವೊಂದಿದೆ: ಚಿತ್ರದ ತುಂಬ ಓರೆಯಾಗಿ ಮಳೆ ಸುರಿದಂತೆ ಗೀಚುಗಳು. ಸೆನ್ಸರ್ ಬೆಚ್ಚಗಿದ್ದು ಫ್ರೇಮುಗಳು ಒಂದೇ ದಿಕ್ಕಿಗೆ ನಿಧಾನವಾಗಿ ಸರಿದಾಗ ಬಿಸಿ ಪಿಕ್ಸೆಲ್‌ಗಳು ಈ ಜಾಡು ಬಿಡುತ್ತವೆ. ನಮ್ಮ 20-25 ಡಿಗ್ರಿಯ ರಾತ್ರಿಗಳಲ್ಲಿ ಇದು ಸಾಮಾನ್ಯ. ಡಾರ್ಕ್ ಫ್ರೇಮುಗಳನ್ನು ಅದೇ ರಾತ್ರಿ, ಅದೇ ಜಾಗದಲ್ಲಿ, ಅದೇ ಐಎಸ್‌ಒ, ಅದೇ ಅರವತ್ತು ಸೆಕೆಂಡಿಗೆ, ಮುಚ್ಚಳ ಹಾಕಿ ತೆಗೆಯಿರಿ. ಜೊತೆಗೆ ಹತ್ತು ಫ್ರೇಮಿಗೊಮ್ಮೆ ಕ್ಯಾಮೆರಾವನ್ನು ಒಂದಿಷ್ಟು ಅತ್ತಿತ್ತ ಜರುಗಿಸಿ. ಮರುದಿನ ಮನೆಯಲ್ಲಿ ಎಸಿ ಹಾಕಿಕೊಂಡು ತೆಗೆದ ಡಾರ್ಕ್‌ನಿಂದ ಪ್ರಯೋಜನ ಕಡಿಮೆ.

ಈಗ ಸಿರಿಲ್‌ನ ನಿಜವಾದ ಸತ್ವಕ್ಕೆ ಬರೋಣ. ಸ್ಟ್ಯಾಕ್ ಆದ ಫೈಲ್ ತೆರೆದರೆ ಪೂರಾ ಕಪ್ಪು. ಕೆಳಗಿನ ಡಿಸ್‌ಪ್ಲೇ ಪಟ್ಟಿಯಲ್ಲಿ ಲೀನಿಯರ್ ಬದಲು ಆಟೋಸ್ಟ್ರೆಚ್ ಹಾಕಿದ ಕೂಡಲೇ ಗೆಲಾಕ್ಸಿ ಎದ್ದು ನಿಲ್ಲುತ್ತದೆ. ಇದು ಬರೀ ತೋರಿಕೆ. ಫೈಲ್‌ನೊಳಗಿನ ಅಂಕಿ ಒಂದೂ ಬದಲಾಗಿಲ್ಲ. ಹೀಗೆ ಅಂಕಿಗಳನ್ನು ಕೆಡಿಸದೆ ನೋಡಲು ಬಿಡುವುದೇ ಈ ತಂತ್ರಾಂಶದ ದೊಡ್ಡ ಗುಣ. ಬೆಳಕು ಕಳೆಯುವುದು, ಬಣ್ಣ ಹೊಂದಿಸುವುದು ಎರಡೂ ಲೀನಿಯರ್ (ಬಿದ್ದ ಬೆಳಕಿನ ಅನುಪಾತದಲ್ಲೇ ಇರುವ) ಅಂಕಿಗಳ ಮೇಲೆ ಮಾತ್ರ ಸರಿಯಾಗಿ ನಡೆಯುತ್ತವೆ. ಆಟೋಸ್ಟ್ರೆಚ್‌ನಲ್ಲಿ ಪರದೆ ಹಸಿರಾಗಿ ಕಂಡರೆ ಗಾಬರಿ ಬೇಡ. ಪಕ್ಕದ ಸರಪಳಿ ಚಿಹ್ನೆ ಬಿಡಿಸಿದರೆ ಮೂರೂ ಬಣ್ಣ ಬೇರೆ ಬೇರೆಯಾಗಿ ಹಿಗ್ಗಿ ಹಸಿರು ಇಳಿಯುತ್ತದೆ.

ಮೊದಲ ಕೆಲಸ ಅಂಚು ಕತ್ತರಿಸುವುದು. ಫ್ರೇಮುಗಳು ಸರಿದಿದ್ದರಿಂದ ಸುತ್ತ ಉಳಿದ ಕಪ್ಪು ಪಟ್ಟಿ ಮುಂದಿನ ಹೆಜ್ಜೆಯ ಲೆಕ್ಕವನ್ನು ತಪ್ಪಿಸುತ್ತದೆ. ಆಮೇಲೆ ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರಾಕ್ಷನ್. ಚಿತ್ರದ ಮೇಲೆ ಚೌಕಗಳನ್ನು ಹರಡಿ, ಆ ಚೌಕಗಳಲ್ಲಿ ಇರುವುದು ಬರೀ ಆಕಾಶ ಎಂದು ನಂಬಿ, ಅವುಗಳ ಮೂಲಕ ಒಂದು ಮೇಲ್ಮೈ ಎಳೆದು, ಅದನ್ನು ಚಿತ್ರದಿಂದ ಕಳೆಯುತ್ತದೆ. ಅರ್ಧ ಫ್ರೇಮು ತುಂಬಿದ ದೇವಯಾನಿ ಕೆಡುವುದು ಇಲ್ಲೇ. ಜನರೇಟ್ ಒತ್ತಿದಾಗ ತಾನಾಗಿ ಬಿದ್ದ ಚೌಕಗಳಲ್ಲಿ ಕೆಲವು ಗೆಲಾಕ್ಸಿಯ ಹೊರ ಪ್ರಭೆಯ ಮೇಲೆ, ಕೆಲವು ಸಂಗಾತಿ ಗೆಲಾಕ್ಸಿ ಎಂ110ರ ಸುತ್ತ ಕೂತಿರುತ್ತವೆ. ತಂತ್ರಾಂಶ ಆ ಮಂದ ಬೆಳಕನ್ನೂ ಊರಿನ ಬೆಳಕೆಂದೇ ತಿಳಿದು ಕಳೆದುಬಿಡುತ್ತದೆ. ಫಲ, ಗೆಲಾಕ್ಸಿಯ ಸುತ್ತ ಕಂದಕ ತೋಡಿದಂತೆ ಒಂದು ಕಪ್ಪು ವರ್ತುಲ. ಅಂತರ್ಜಾಲದಲ್ಲಿ ಕಾಣುವ ಎಷ್ಟೋ ದೇವಯಾನಿ ಚಿತ್ರಗಳಲ್ಲಿ ಈ ಕಂದಕ ಇದೆ.

ಕಂದಕ ಬಾರದಿರಲು ಚೌಕಗಳನ್ನು ಕೈಯಿಂದಲೇ ತಿದ್ದಬೇಕು. ಸಾಲಿಗೆ 20ರ ಬದಲು 10 ಚೌಕ ಸಾಕು. ಗೆಲಾಕ್ಸಿಯ ಮೇಲೆ, ಮತ್ತು ಕಣ್ಣಿಗೆ ಕಾಣುವ ಅಂಚಿನಿಂದಾಚೆ ಗೆಲಾಕ್ಸಿಯ ಅಗಲದ ಅರ್ಧದಷ್ಟು ದೂರದವರೆಗೆ, ಇರುವ ಎಲ್ಲ ಚೌಕಗಳನ್ನೂ ಬಲ ಕ್ಲಿಕ್ಕಿನಿಂದ ತೆಗೆಯಿರಿ. ದೊಡ್ಡ ನಕ್ಷತ್ರಗಳ ಪ್ರಭೆಯ ಮೇಲಿರುವವನ್ನೂ ಬಿಡಬೇಡಿ. ಎಡ ಕ್ಲಿಕ್ಕಿನಿಂದ ನಾಲ್ಕೂ ಮೂಲೆಗಳಲ್ಲಿ ಒಂದೆರಡು ಸೇರಿಸಿ. ಮೂವತ್ತು, ನಲವತ್ತು ಚೌಕ ಉಳಿದರೆ ಧಾರಾಳ. ಮೇಲ್ಮೈ ಎಳೆಯುವ ಆರ್‌ಬಿಎಫ್ ವಿಧಾನದಲ್ಲಿ ಸ್ಮೂದಿಂಗ್ ಅನ್ನು 0.5ರಿಂದ ಮೇಲಕ್ಕೆ ಒಯ್ದರೆ ಮೇಲ್ಮೈ ಗಟ್ಟಿಯಾಗಿ, ಗೆಲಾಕ್ಸಿಯ ಕಡೆ ಬಗ್ಗುವುದು ನಿಲ್ಲುತ್ತದೆ. ಮಾಡಿದ್ದು ಸರಿಯೇ ಎಂದು ನೋಡಲು ಡಿಸ್‌ಪ್ಲೇಯನ್ನು ಹಿಸ್ಟೋಗ್ರಾಮ್‌ಗೆ ಬದಲಿಸಿ. ಅತಿ ಸಣ್ಣ ಏರಿಳಿತವೂ ನಿರ್ದಾಕ್ಷಿಣ್ಯವಾಗಿ ಕಾಣುತ್ತದೆ. ಗೆಲಾಕ್ಸಿಯಿಂದ ಆಕಾಶಕ್ಕೆ ಇಳಿಜಾರು ಒಂದೇ ಸಮನೆ ಇಳಿಯಬೇಕು, ತಗ್ಗಿ ಮತ್ತೆ ಏರಬಾರದು.

ಊರು ಹತ್ತಿರವಿದ್ದು ರಾತ್ರಿಯಿಡೀ ಬೆಳಕಿನ ದಿಕ್ಕು ಬದಲಾಗುತ್ತಿದ್ದರೆ ಇನ್ನೊಂದು ಉಪಾಯವಿದೆ. ಸ್ಟ್ಯಾಕ್ ಮಾಡುವ ಮೊದಲೇ ಪ್ರತಿ ಫ್ರೇಮಿನಲ್ಲೂ ಒಂದನೆಯ ಡಿಗ್ರಿಯ ಪಾಲಿನಾಮಿಯಲ್‌ನಿಂದ ಬೆಳಕು ಕಳೆಯಿರಿ. ಒಂದೊಂದು ಫ್ರೇಮಿನಲ್ಲಿ ಅದು ಸರಳ ಇಳಿಜಾರು. ಎಲ್ಲ ಸೇರಿದ ಮೇಲೆ ಸಿಕ್ಕುಸಿಕ್ಕಾಗುತ್ತದೆ. ಅಂದಹಾಗೆ, ಮೂಲೆಗಳು ಕತ್ತಲಾಗಿರುವುದಕ್ಕೆ ಈ ಸಾಧನ ಮದ್ದಲ್ಲ. ಅದು ಲೆನ್ಸ್‌ನ ಗುಣ, ಅದಕ್ಕೆ ಫ್ಲ್ಯಾಟ್ ಫ್ರೇಮೇ ಬೇಕು.

ಬಣ್ಣದ ವಿಷಯದಲ್ಲಿ ಸಿರಿಲ್‌ಗೆ ಪೂರ್ಣ ಅಂಕ. ಮೊದಲು ಪ್ಲೇಟ್ ಸಾಲ್ವಿಂಗ್: ಎಂ31 ಎಂದು ಬರೆದು, ಫೋಕಲ್ ಲೆಂತ್ 200, ಪಿಕ್ಸೆಲ್ 3.7 ಕೊಟ್ಟರೆ ಚಿತ್ರದಲ್ಲಿರುವುದು ಆಕಾಶದ ಯಾವ ತುಣುಕು ಎಂದು ಗುರುತಿಸುತ್ತದೆ. ಆಮೇಲೆ ಫೋಟೊಮೆಟ್ರಿಕ್ ಕಲರ್ ಕ್ಯಾಲಿಬ್ರೇಶನ್ ಅಲ್ಲಿನ ನಕ್ಷತ್ರಗಳ ಬಣ್ಣವನ್ನು ಕ್ಯಾಟಲಾಗಿನೊಂದಿಗೆ ಹೋಲಿಸಿ ಚಿತ್ರವನ್ನು ತಿದ್ದುತ್ತದೆ. ನಿಮ್ಮ ಮಾನಿಟರು, ನಿಮ್ಮ ಅಭಿರುಚಿ ಯಾವುದೂ ನಡುವೆ ಬರುವುದಿಲ್ಲ. ಹಳೆಯ ನಕ್ಷತ್ರಗಳಿರುವ ನಡುಭಾಗ ಹಳದಿಯಾಗಿ, ಹೊರ ತೋಳುಗಳು ನಸುನೀಲಿಯಾಗಿ ಬಂದರೆ ಸರಿ. ತೋಳಿನ ಹೈಡ್ರೋಜನ್ ಮೋಡಗಳ ಗುಲಾಬಿ ಚುಕ್ಕೆಗಳು ಮಾತ್ರ ಮಂಕಾಗಿರುತ್ತವೆ. ಮಾರ್ಪಡಿಸದ ಕ್ಯಾಮೆರಾದ ಒಳ ಫಿಲ್ಟರ್ 656 ನ್ಯಾನೊಮೀಟರ್‌ನ ಆ ಕೆಂಪನ್ನು ಬಹುಪಾಲು ತಡೆಯುವುದೇ ಅದಕ್ಕೆ ಕಾರಣ. ಸ್ಥಳೀಯ ಕ್ಯಾಟಲಾಗ್ ಇಳಿಸಿಕೊಂಡಿರದಿದ್ದರೆ ಈ ಎರಡು ಹೆಜ್ಜೆಗಳಿಗೆ ಇಂಟರ್ನೆಟ್ ಬೇಕೇ ಬೇಕು.

ಕೊನೆಗೆ ನಿಜವಾದ ಸ್ಟ್ರೆಚ್, ಅಂದರೆ ಮಂದ ಬೆಳಕನ್ನು ಹಿಗ್ಗಿಸಿ ಅಂಕಿಗಳನ್ನೇ ಬದಲಿಸುವುದು. ಅದಕ್ಕೂ ಮೊದಲು ಲೀನಿಯರ್ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಡಿಸ್‌ಪ್ಲೇಯನ್ನು ಲೀನಿಯರ್‌ಗೆ ವಾಪಸ್ ತನ್ನಿ. ತರದಿದ್ದರೆ ಸ್ಟ್ರೆಚ್‌ನ ಮೇಲೆ ತೋರಿಕೆಯ ಸ್ಟ್ರೆಚ್ ಕೂತು ಪರದೆ ಬೆಳ್ಳಗಾಗುತ್ತದೆ. 1.2 ಆವೃತ್ತಿಯಿಂದ ಇರುವ ಜನರಲೈಸ್ಡ್ ಹೈಪರ್ಬೋಲಿಕ್ ಸ್ಟ್ರೆಚ್ ಗೆಲಾಕ್ಸಿಗೆಂದೇ ಮಾಡಿದಂತಿದೆ. ಹೊರ ತೋಳಿನ ಮಂದ ಜಾಗವೊಂದನ್ನು ಆಯ್ದು ಸಿಮೆಟ್ರಿ ಪಾಯಿಂಟ್ (ಹಿಗ್ಗುವುದು ಹೆಚ್ಚಿರುವ ಬೆಳಕಿನ ಮಟ್ಟ) ಅಲ್ಲಿಗೆ ಕೂರಿಸಿ, ಒಂದೇ ಸಲ ಎಳೆಯದೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಎತ್ತಿ. ಹೈಲೈಟ್ ಪ್ರೊಟೆಕ್ಷನ್ ಬಿಂದುವನ್ನು ಕೆಳಗಿಳಿಸಿದರೆ ನಡುಭಾಗ ಸುಣ್ಣ ಬಳಿದಂತಾಗದೆ, ಅದರ ಪಕ್ಕದ ಧೂಳಿನ ಗೆರೆಗಳು ಉಳಿಯುತ್ತವೆ. ಹಿಸ್ಟೋಗ್ರಾಮ್‌ನ ಎಡ ಬುಡವನ್ನು ಕತ್ತರಿಸಬೇಡಿ. ಆಕಾಶ ಕಡುಗಪ್ಪಾಗಬೇಕೆಂಬ ಆಸೆಯಲ್ಲಿ ಹೊರ ಪ್ರಭೆಯೂ ಹೋಗುತ್ತದೆ.

ಸ್ಟಾರ್‌ನೆಟ್ ಅನ್ನು ಬೇರೆಯಾಗಿ ಇಳಿಸಿಕೊಂಡರೆ ಸಿರಿಲ್‌ನೊಳಗಿಂದಲೇ ನಕ್ಷತ್ರಗಳನ್ನು ಬೇರ್ಪಡಿಸಬಹುದು. ದೇವಯಾನಿಯಲ್ಲಿ ಹುಷಾರು: ಇನ್ನೊಂದು ಸಂಗಾತಿ ಗೆಲಾಕ್ಸಿ ಎಂ32ರ ಹೊಳೆಯುವ ನಡುಬಿಂದುವನ್ನು ಅದು ನಕ್ಷತ್ರವೆಂದು ಕೀಳಬಹುದು. ನಕ್ಷತ್ರಗಳ ಪದರವನ್ನು ತೆರೆದು ಎಂ32 ಅಲ್ಲಿಗೆ ಹೋಗಿದೆಯೇ ಎಂದು ನೋಡಿಯೇ ಮುಂದುವರಿಯಿರಿ. ಮಸುಕು ಕಳೆದು ಚಿತ್ರ ಚೂಪಾಗಿಸುವ ಡಿಕಾನ್ವೊಲ್ಯೂಶನ್ ಸಾಧನ ಚೆನ್ನಾಗಿದೆ, ಆದರೆ ಪಿಕ್ಸೆಲ್‌ಗೆ 3.8 ಆರ್ಕ್‌ಸೆಕೆಂಡ್ ಇರುವಾಗ ಅದಕ್ಕೆ ಹಿಡಿತ ಸಿಗುವುದಿಲ್ಲ. ಉದ್ದ ಫೋಕಲ್ ಲೆಂತ್‌ನ ದೂರದರ್ಶಕ ಇರುವವರಿಗೆ ಅದು.

ಕೊರತೆ ಎಲ್ಲಿ? ಚಿತ್ರದ ಒಂದು ಭಾಗವನ್ನಷ್ಟೇ ಮಾಸ್ಕ್ ಹಾಕಿ ತಿದ್ದುವ, ಪದರಗಳ ಮೇಲೆ ಕುಂಚದಿಂದ ಕೆಲಸ ಮಾಡುವ ಅನುಕೂಲದಲ್ಲಿ ಸಿರಿಲ್ ಹಿಂದೆ. ಅದಕ್ಕೆ 16 ಬಿಟ್ ಟಿಫ್ ಮಾಡಿ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕೆ ಹೋಗಬೇಕು. ನೂರಾರು ಯೂರೋ ಬೆಲೆಯ ಪಿಕ್ಸ್‌ಇನ್‌ಸೈಟ್‌ನಲ್ಲಿ ಮಾಸ್ಕ್ ಕೆಲಸ ಒಳಗೇ ಮುಗಿಯುತ್ತದೆ. ಡೀಪ್ ಸ್ಕೈ ಸ್ಟ್ಯಾಕರ್ ಇದರಂತೆಯೇ ಉಚಿತ, ಆದರೆ ಅದರ ಬಲ ಸ್ಟ್ಯಾಕಿಂಗ್‌ವರೆಗೆ ಮಾತ್ರ. 1.4 ಆವೃತ್ತಿಯಲ್ಲಿ ಪೈಥಾನ್ ಸ್ಕ್ರಿಪ್ಟುಗಳು, ನಿಜವಾದ ಡ್ರಿಜಲ್ (ಸರಿದ ಫ್ರೇಮುಗಳಿಂದ ಹೆಚ್ಚು ವಿವರ ತೆಗೆಯುವ ವಿಧಾನ), ಗಾಯಾ ಬಾಹ್ಯಾಕಾಶ ದೂರದರ್ಶಕದ ವರ್ಣಪಟಲಗಳನ್ನು ಬಳಸಿ ಸೆನ್ಸರ್ ಮತ್ತು ಫಿಲ್ಟರ್‌ಗೆ ತಕ್ಕಂತೆ ಬಣ್ಣ ತಿದ್ದುವ ಸಾಧನ ಸೇರಿವೆ. ಹೊಸದಾಗಿ ಶುರುಮಾಡುವವರು ನೇರ ಅದನ್ನೇ ಹಾಕಿಕೊಳ್ಳಲಿ.

ದೇವಯಾನಿಯ ಕಾಲ ಅಕ್ಟೋಬರಿನಿಂದ ಡಿಸೆಂಬರ್. ಅದೇ ತಿಂಗಳುಗಳಲ್ಲಿ ದಕ್ಷಿಣಕ್ಕೆ ಎನ್‌ಜಿಸಿ 253 ಗೆಲಾಕ್ಸಿ ಬೆಂಗಳೂರಿನಿಂದ 50 ಡಿಗ್ರಿಗೂ ಮೇಲೇರುತ್ತದೆ. ಯುರೋಪಿನವರಿಗೆ ಸಿಗದ ಎತ್ತರ ಅದು. ಮಾರ್ಚ್, ಏಪ್ರಿಲ್‌ನಲ್ಲಿ ಸಿಂಹ ರಾಶಿಯ ಮೂರು ಗೆಲಾಕ್ಸಿಗಳು, ಎಂ65, ಎಂ66, ಎನ್‌ಜಿಸಿ 3628, ಹೆಚ್ಚುಕಡಿಮೆ ನಮ್ಮ ನೆತ್ತಿಯ ಮೇಲೇ ಹಾಯುತ್ತವೆ. 200 ಮಿ.ಮೀ.ನಲ್ಲಿ ಎಂ66 ಬರೀ 140 ಪಿಕ್ಸೆಲ್ ಉದ್ದ. ಸುತ್ತ ಖಾಲಿ ಆಕಾಶ ಬೇಕಾದಷ್ಟಿರುವುದರಿಂದ ಅಲ್ಲಿ ತಾನಾಗಿ ಬಿದ್ದ ಚೌಕಗಳಲ್ಲಿ ಮೂರು ಗೆಲಾಕ್ಸಿಗಳ ಮೇಲಿನವನ್ನಷ್ಟೇ ತೆಗೆದರೆ ಸಾಕು. ಬ್ಯಾಕ್‌ಗ್ರೌಂಡ್ ಕೆಲಸ ಕಲಿಯಲು ಅಲ್ಲಿಂದಲೇ ಶುರುಮಾಡಿ, ಮಳೆಗಾಲ ಕಳೆದ ಮೇಲೆ ದೇವಯಾನಿಗೆ ಬನ್ನಿ.