ಲಾನ್ ಟ್ರ್ಯಾಕ್ಟರ್ ಹಿಂದಿನ ಎಲೆ ವ್ಯಾಕ್ಯೂಮ್: ಕಂಪನಿ ಕೊಟ್ಟದ್ದು ಅರ್ಧ, ಮಿಕ್ಕಿದ್ದು ಗ್ಯಾರೇಜಿನಲ್ಲಿ

ಹುಲ್ಲು ಕತ್ತರಿಸುವ ಸಣ್ಣ ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು ಎಲೆ ಎಳೆದುಕೊಳ್ಳುವ ಈ ಯಂತ್ರ ಒದ್ದೆ ಎಲೆಗೆ ಆಗಿಬರುವುದಿಲ್ಲ. ಕಂಪನಿಯಿಂದ ಬಂದ ಹಾಗೇ ಬಳಸಿದರಂತೂ ಖಂಡಿತ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮಾರುವವರ ವಿಡಿಯೋಗಳಲ್ಲಿ ಬಿಸಿಲು ಇರುತ್ತದೆ, ಎಲೆ ಹಪ್ಪಳದ ಹಾಗೆ ಗರಿಗರಿಯಾಗಿರುತ್ತದೆ, ಎಲ್ಲವೂ ಪೈಪಿನೊಳಗೆ ಸರಾಗವಾಗಿ ನುಗ್ಗುತ್ತದೆ. ನಾವಿರುವ ಅಮೆರಿಕದ ಈಶಾನ್ಯ ಓಹಾಯೋದಲ್ಲಿ ಎಲೆ ಉದುರುವ ಕಾಲ ಹಾಗಿರುವುದಿಲ್ಲ. ಅಕ್ಟೋಬರ್ ಕೊನೆಗೆ ಜಿಟಿಜಿಟಿ ಮಳೆ. ನವೆಂಬರಿನಲ್ಲಿ ಒಂದು ಸುತ್ತು ಹಿಮ ಬಿದ್ದು ಕರಗಿದರೆ ಎಲೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಹುಲ್ಲಿನ ಮೇಲೆ ಚಾಪೆಯಾಗಿ ಕೂತುಬಿಡುತ್ತವೆ.

ನಮ್ಮದು ಒಂದೂಕಾಲು ಎಕರೆ ಜಾಗ. ಮುಂದೆ ಎರಡು ಸಿಲ್ವರ್ ಮೇಪಲ್, ಪಕ್ಕದಲ್ಲಿ ಶುಗರ್ ಮೇಪಲ್, ಹಿಂದೆ ಸಾಲಾಗಿ ಪಿನ್ ಓಕ್. ಮೇಪಲ್ ಮರಗಳು ಒಂದಷ್ಟು ದಿನದಲ್ಲಿ ಎಲ್ಲ ಉದುರಿಸಿ ಕೈತೊಳೆದುಕೊಳ್ಳುತ್ತವೆ. ಪಿನ್ ಓಕ್ ಹಾಗಲ್ಲ. ಒಣಗಿದ ಎಲೆಯನ್ನು ಚಳಿಗಾಲದವರೆಗೂ ಕೊಂಬೆಯಲ್ಲೇ ಹಿಡಿದಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಊರಿನ ಹೊರಗಿದ್ದೇವೆ, ರಸ್ತೆ ಬದಿಗೆ ಎಲೆ ರಾಶಿ ಹಾಕಿದರೆ ಯಾರೂ ಬಂದು ಒಯ್ಯುವುದಿಲ್ಲ. ಆಳುಗಳನ್ನು ಕರೆದರೆ ಒಂದು ಸೀಸನ್ನಿಗೆ 700 ಡಾಲರ್ ಹೇಳಿದರು. ಪ್ರತಿ ವರ್ಷ ಅಷ್ಟು ಕೊಡುವ ಬದಲು ಒಂದೇ ಸಲ 1,900 ಡಾಲರ್ ಕೊಟ್ಟು ಇದನ್ನು ತಂದೆ. ನನ್ನ ಕೈಗೆ ಅದು ದೊಡ್ಡ ಮೊತ್ತ. ಅದಕ್ಕೇ ಸಿಟ್ಟೂ ಅಷ್ಟೇ ದೊಡ್ಡದಾಗಿ ಬಂತು.

ಎಷ್ಟು ಸಿಸಿ, ಎಷ್ಟು ಘನ ಅಡಿ ಅನ್ನುವುದೆಲ್ಲ ಡಬ್ಬದ ಮೇಲೇ ಇರುತ್ತದೆ, ಬಿಡಿ. ಕೆಲಸ ಮಾಡುವ ರೀತಿ ಮಾತ್ರ ಹೇಳುತ್ತೇನೆ. ಟ್ರ್ಯಾಕ್ಟರಿನ ಡೆಕ್‌ನಲ್ಲಿ (ಬ್ಲೇಡು ತಿರುಗುವ ಕೆಳಗಿನ ಕವಚ) ಬಲಗಡೆ ಹುಲ್ಲು ಹೊರಚೆಲ್ಲುವ ಬಾಯಿ ಇರುತ್ತದಲ್ಲ, ಅದಕ್ಕೆ ಪೈಪ್ ಸೇರಿಸುವ ಪ್ಲಾಸ್ಟಿಕ್ಕಿನ ಮೊಣಕೈ, ಅಂದರೆ ಬೂಟ್, ಕೂರಿಸುತ್ತಾರೆ. ಅಲ್ಲಿಂದ ದಪ್ಪ ಪೈಪ್ ಹಿಂದಿನ ಗಾಡಿಯ ಬ್ಲೋವರಿಗೆ ಹೋಗುತ್ತದೆ. ಬ್ಲೋವರಿಗೆ ಅದರದ್ದೇ ಎಂಜಿನ್. ಒಳಗೆ ತಿರುಗುವ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ಎಲೆಯನ್ನು ಎಳೆದು, ಚೂರುಮಾಡಿ, ಗಾಡಿಯ ಮೇಲಿನ ಬಟ್ಟೆ ಚೀಲಕ್ಕೆ ಎಸೆಯುತ್ತದೆ. ಚೀಲದ ಪಕ್ಕದಲ್ಲಿರುವ ಜಾಲರಿಯಿಂದ ಗಾಳಿ ಹೊರಗೆ ಹೋಗುತ್ತದೆ. ಈ ಕೊನೆಯ ಜಾಲರಿಯನ್ನು ನೆನಪಿಟ್ಟುಕೊಳ್ಳಿ.

ಜಾಮ್ ಆಗುವುದು ಕಣ್ಣಿಗೆ ಕಾಣುವ ಮೊದಲು ಕಿವಿಗೆ ಕೇಳುತ್ತದೆ. ಚೆನ್ನಾಗಿ ಎಳೆಯುವಾಗ ಬ್ಲೋವರಿನ ಸದ್ದು ಭಾರವಾಗಿ, ಗುಂಯ್ ಅಂತ ಇರುತ್ತದೆ. ಇದ್ದಕ್ಕಿದ್ದ ಹಾಗೆ ಸದ್ದು ಹಗುರಾಗಿ ಮೇಲಕ್ಕೇರಿತು ಅಂದರೆ ಪೈಪ್ ಕಟ್ಟಿಕೊಂಡಿದೆ ಅಂತಲೇ ಅರ್ಥ. ಎಸೆಯಲು ಗಾಳಿಯೇ ಇಲ್ಲದಾಗ ಇಂಪೆಲ್ಲರ್ ಮೇಲಿನ ಭಾರ ಇಳಿಯುತ್ತದೆ, ಎಂಜಿನ್ ಸುಮ್ನೆ ಓಡುತ್ತದೆ. ಹಿಂದಿರುಗಿ ನೋಡಿದರೆ ಹುಲ್ಲಿನ ಮೇಲೆ ಎಲೆಯ ಉದ್ದ ಗೆರೆ. ಇಳಿದು, ಎರಡೂ ಎಂಜಿನ್ ಆಫ್ ಮಾಡಿ, ಬೂಟಿನ ನಟ್ಟುಗಳನ್ನು ಬಿಚ್ಚಿ, ಒಳಗೆ ಕೈಹಾಕಿ ಆ ಕಪ್ಪು ಮುದ್ದೆಯನ್ನು ಕೀಳಬೇಕು. ಮತ್ತೆ ಕೂರಿಸಿ ಹೊರಟರೆ ಮುಂದಿನ ತಿರುವಿನಲ್ಲಿ ಅದೇ ಕಥೆ. ಮೊದಲ ಸೀಸನ್ ಪೂರ್ತಿ ಹೀಗೇ ಹೋಯಿತು. ಕಂಪನಿಗೆ ಫೋನ್ ಮಾಡಿದರೆ "ಒಣ ಎಲೆಗೆ ಮಾತ್ರ ಬಳಸಿ, ಇಲ್ಲದಿದ್ದರೆ ಇದಕ್ಕಿಂತ ದೊಡ್ಡ ಎಂಜಿನ್ ಇರುವ ಮಾಡೆಲ್ ತಗೊಳ್ಳಿ" ಅಂದರು. ದುಡ್ಡು ಕೊಟ್ಟವನಿಗೆ ಕೊಡುವ ಉತ್ತರವಾ ಇದು?

ದೊಡ್ಡ ಎಂಜಿನ್ ಬೇಕಿರಲಿಲ್ಲ. ಪಕ್ಕದ ಮನೆಯ ಅಜ್ಜ ಟ್ರಕ್ ರಿಪೇರಿ ಮಾಡಿ ನಿವೃತ್ತರಾದವರು. ಬೇಲಿಯ ಆಚೆಯಿಂದ ನನ್ನ ಒದ್ದಾಟ ನೋಡಿ ಬಂದರು. ಬೂಟಿನಿಂದ ಪೈಪ್ ಬಿಚ್ಚಿಸಿ, ಅದರ ಬಾಯಿಯ ಹತ್ತಿರ ಒಂದು ಹಳೇ ಪೇಪರ್ ಹಾಳೆ ಹಿಡಿಯಲು ಹೇಳಿದರು. ಬ್ಲೋವರ್ ಓಡುತ್ತಿತ್ತು. ಹಾಳೆ ಬಾಯಿಗೆ ಅಂಟಿತು, ಆದರೆ ಸುಲಭವಾಗಿ ಕೀಳಬಹುದಿತ್ತು. ಆಮೇಲೆ ಅವರು ಹಿಂದೆ ಹೋಗಿ ಚೀಲದ ಜಿಪ್ ಪೂರ್ತಿ ತೆಗೆದರು. ಹಾಳೆ ನನ್ನ ಕೈಯಿಂದ ಕಿತ್ತುಕೊಂಡು ಪೈಪಿನೊಳಗೆ ಹೋಗಿಯೇಬಿಟ್ಟಿತು.

ಅಷ್ಟೇ ವಿಷಯ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಗಾಳಿ ಒಳಗೆ ಬರುವುದಿಲ್ಲ. ಚೀಲದ ಜಾಲರಿ ತುಂಬಾ ಸಣ್ಣ ಕಣ್ಣಿನದ್ದು, ಧೂಳು ಹೊರಗೆ ಬರಬಾರದು ಅಂತ ಹಾಗೆ ಮಾಡಿದ್ದಾರೆ. ಆದರೆ ಪುಡಿಯಾದ ಒದ್ದೆ ಎಲೆ ಅದರ ಒಳಮೈಗೆ ಲೇಪ ಹಚ್ಚಿದ ಹಾಗೆ ಕೂತುಬಿಡುತ್ತದೆ. ಚೀಲ ಕಾಲುಭಾಗ ತುಂಬುವಷ್ಟರಲ್ಲಿ ಜಾಲರಿ ಮುಚ್ಚಿಹೋಗಿ ಗಾಳಿಯ ವೇಗ ಇಳಿಯುತ್ತದೆ. ವೇಗ ಇಳಿದರೆ ಭಾರದ ಎಲೆ ಪೈಪಿನಲ್ಲಿ ತೇಲುವುದಿಲ್ಲ, ಬೂಟಿನ ಮೊಣಕೈ ತಿರುವಿನಲ್ಲಿ ಬಿದ್ದುಬಿಡುತ್ತದೆ. ನಾನು ಮುಂದೆ ಕೈಹಾಕಿ ಕೀಳುತ್ತಿದ್ದ ಮುದ್ದೆಗೆ ಕಾರಣ ಹಿಂದಿನ ಚೀಲದಲ್ಲಿತ್ತು.

ಇಲ್ಲಿಂದ ಈ ಯಂತ್ರದ ಮೇಲಿನ ನನ್ನ ಸಿಟ್ಟು ಇಳಿಯಲು ಶುರುವಾಯಿತು.

ಚೀಲ ತೆಗೆದು ಪೆಟ್ಟಿಗೆ ಕಟ್ಟಿದೆ. ಕಾಲಿಂಚು ಪ್ಲೈವುಡ್, ಒಳಗೆ ತೆಳ್ಳಗಿನ ಮರದ ಪಟ್ಟಿಗಳ ಚೌಕಟ್ಟು. ಅರ್ಧ ಇಂಚಿನದ್ದು ಗಟ್ಟಿ, ನಿಜ. ಆದರೆ 4 ಅಡಿ 8 ಅಡಿಯ ಒಂದೊಂದು ಹಾಳೆಯೇ ಸುಮಾರು 20 ಕಿಲೋ ತೂಗುತ್ತದೆ. ಅದರ ಮೇಲೆ ಒದ್ದೆ ಎಲೆಯ ಭಾರ ಬೇರೆ. ನಮ್ಮ ಹಿತ್ತಲು ಸ್ವಲ್ಪ ಇಳಿಜಾರು, ಹಿಂದಿನ ಗಾಡಿ ಟ್ರ್ಯಾಕ್ಟರನ್ನು ತಳ್ಳುವಷ್ಟು ಭಾರವಾಗುವುದು ನನಗೆ ಬೇಡವಾಗಿತ್ತು. ಪೆಟ್ಟಿಗೆಯ ಛಾವಣಿಯ ಹಿಂದಿನ ಅರ್ಧಕ್ಕೆ ಕಾಲಿಂಚು ಕಣ್ಣಿನ ತಂತಿ ಬಲೆ ಹೊಡೆದೆ. ಗಾಳಿಯೂ ಧೂಳೂ ನನ್ನಿಂದ ದೂರ, ಹಿಂದಕ್ಕೆ ಮತ್ತು ಮೇಲಕ್ಕೆ ಹೋಗುತ್ತವೆ. ಹಿಂದುಗಡೆ ಮೇಲಿನ ಅಂಚಿಗೆ ತಿರುಗಣೆ ಹಾಕಿದ ಬಾಗಿಲು.

ಬಲೆ ಹಾಕಿದರೆ ಸಾಲದು. ಬ್ಲೋವರ್ ಎಸೆಯುವ ಎಲೆ ನೇರ ಬಲೆಗೇ ಹೋಗಿ ಬಡಿದರೆ ಅದೂ ಮುಚ್ಚಿಹೋಗುತ್ತದೆ. ಆದ್ದರಿಂದ ಎಲೆ ಒಳಗೆ ಬರುವ ತೂತಿನ ಎದುರಿಗೆ, ಒಳಗಡೆ, ತಗಡಿನ ಒಂದು ತುಂಡನ್ನು ಬಗ್ಗಿಸಿ ಕೂರಿಸಿದ್ದೇನೆ. ಎಲೆ ಅದಕ್ಕೆ ಬಡಿದು ಕೆಳಕ್ಕೆ ಬೀಳುತ್ತದೆ, ಗಾಳಿ ಮಾತ್ರ ಮೇಲೇರಿ ಬಲೆಯಿಂದ ಹೊರಟುಹೋಗುತ್ತದೆ. ಈ ತಗಡಿನ ತುಂಡಿಗೆ ಖರ್ಚಾಗಿದ್ದು ಏನೂ ಇಲ್ಲ, ಮನೆ ಸೂರಿನ ಹಳೇ ಗಟರಿನದ್ದು. ಇಡೀ ಗಾಡಿಯಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಇದೇ.

ಪೈಪಿನ ವಿಚಾರಕ್ಕೆ ಬಂದರೆ, ಎಷ್ಟೋ ಜನ 7 ಇಂಚಿನದ್ದನ್ನು ಕಿತ್ತು 8 ಇಂಚಿನದ್ದು ಹಾಕುತ್ತಾರೆ. ಅಡ್ಡಳತೆಯಲ್ಲಿ ಒಂದೇ ಇಂಚು ಅನ್ನಿಸಿದರೂ ಪೈಪಿನ ಬಾಯಿ ಸುಮಾರು 30 ಪ್ರತಿಶತ ದೊಡ್ಡದಾಗುತ್ತದೆ. ದೊಡ್ಡ ಬ್ಲೋವರ್ ಇದ್ದವರಿಗೆ ಅದು ಸರಿ. ಅದೇ ಸಣ್ಣ ಬ್ಲೋವರ್ ಇಟ್ಟುಕೊಂಡು ಪೈಪ್ ಅಗಲ ಮಾಡಿದರೆ ಒಳಗಿನ ಗಾಳಿ ನಿಧಾನವಾಗುತ್ತದೆ, ಒದ್ದೆ ಎಲೆ ಮತ್ತೆ ಕೂರುತ್ತದೆ. ಹಾಗಾಗಿ ನಾನು 7 ಇಂಚನ್ನೇ ಉಳಿಸಿಕೊಂಡೆ. ಬದಲಾಯಿಸಿದ್ದು ಒಳಮೈಯನ್ನು. ಕಂಪನಿಯ ಪೈಪಿನೊಳಗೆ ಉದ್ದಕ್ಕೂ ಸುರುಳಿ ಏಣುಗಳಿದ್ದವು, ಒಂದೊಂದು ಏಣಿಗೂ ಎಲೆ ಸಿಕ್ಕಿಕೊಳ್ಳುತ್ತಿತ್ತು. ಈಗಿರುವುದು ಒಳಗೆ ನುಣುಪಾದ, ಹೊರಗಿನಿಂದ ಕಾಣುವ ಪಾಲಿಯುರೆಥೇನ್ ಪೈಪ್. ತುಸು ದುಬಾರಿಯೇ. ಆದರೆ ಕೂತಲ್ಲಿಂದಲೇ ಎಲೆ ಓಡುವುದು ಕಾಣುತ್ತದೆ, ಎಲ್ಲಾದರೂ ನಿಂತರೆ ಗೊತ್ತಾಗುತ್ತದೆ. ಪೈಪ್ ನಡುವೆ ಜೋತುಬಿದ್ದ ಜಾಗದಲ್ಲೇ ಎಲೆ ಸೇರುವುದು ಜಾಸ್ತಿ. ಅಲ್ಲಿ ಒಂದು ಸರಪಳಿಯಿಂದ ಎತ್ತಿ ಕಟ್ಟಿ. ತಿರುಗುವಾಗ ಎಳೆದುಕೊಳ್ಳದ ಹಾಗೆ ಸ್ವಲ್ಪ ಸಡಿಲ ಮಾತ್ರ ಇರಲಿ.

ಬೂಟ್ ಮತ್ತು ಡೆಕ್ ಕೂಡುವಲ್ಲಿ ಬೆರಳು ಹೋಗುವಷ್ಟು ಸಂದಿ ಇತ್ತು. ಅಲ್ಲಿಂದ ಸುಮ್ಮನೆ ಗಾಳಿ ಎಳೆದುಕೊಂಡರೆ ಹುಲ್ಲಿನ ಮಟ್ಟದಲ್ಲಿ ಎಳೆತ ಇರುವುದಿಲ್ಲ. ಹಳೇ ಟ್ಯೂಬ್ ಕತ್ತರಿಸಿ ಅಂಚಿಗೆಲ್ಲ ಹಾಕಿದೆ. ನಟ್ಟುಗಳ ಜಾಗದಲ್ಲಿ ಒತ್ತಿದರೆ ಬಿಗಿಯುವ ಕೊಕ್ಕೆ ಚಿಲಕಗಳು ಬಂದವು. ಈಗ ಬೂಟ್ ಬಿಚ್ಚಲು ಸ್ಪ್ಯಾನರ್ ಬೇಡ. ಬ್ಲೇಡು ಮಾತ್ರ ಗಾಳಿ ಎತ್ತುವ ಹೈ ಲಿಫ್ಟ್ ಬ್ಲೇಡೇ ಇರಲಿ. ಮಲ್ಚಿಂಗ್ ಬ್ಲೇಡ್ ಎಲೆಯನ್ನು ಡೆಕ್ಕಿನೊಳಗೇ ಸುತ್ತಿಸುತ್ತದೆ, ಬಾಯಿಯ ಕಡೆಗೆ ತಳ್ಳುವುದಿಲ್ಲ.

ಒಂದು ಮಾತು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ. ಎಂಜಿನ್ ಆಫ್ ಮಾಡಿದ ಮೇಲೂ ಇಂಪೆಲ್ಲರ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಪೂರ್ತಿ ನಿಂತಿದೆ ಅಂತ ಖಾತ್ರಿಯಾದ ಮೇಲೆ, ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತು, ಆಮೇಲೆ ಕೈಹಾಕಿ. ಪೈಪ್ ಬಿಚ್ಚಿದರೆ ಎಂಜಿನ್ ನಿಲ್ಲಿಸುವ ಸುರಕ್ಷತಾ ಸ್ವಿಚ್ ನಿಮ್ಮ ಗಾಡಿಯಲ್ಲಿದ್ದರೆ ಅದನ್ನು ಕಿತ್ತುಹಾಕಬೇಡಿ, ಯಾರೇ ಹೇಳಲಿ. ನನ್ನದರಲ್ಲಿ ಅದು ಇರಲೇ ಇಲ್ಲ, ಇರಬೇಕಿತ್ತು.

ಈಗ ಶನಿವಾರದ ಕೆಲಸ ಹೀಗೆ ನಡೆಯುತ್ತದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಕಿಟಕಿಯಿಂದ ನೋಡುತ್ತಿರುತ್ತೇನೆ. ಹುಲ್ಲಿನ ಮೇಲಿನ ಇಬ್ಬನಿ ಆರಿ ಹೊಳಪು ಹೋಗುವವರೆಗೆ ಹೊರಗೆ ಹೋಗುವುದಿಲ್ಲ. 11 ಗಂಟೆ ಆಗೇ ಆಗುತ್ತದೆ. ಪೊರಕೆ ಹಿಡಿದು ಛಾವಣಿಯ ಬಲೆಗೆ ಎರಡು ಪೆಟ್ಟು ಹೊಡೆದರೆ ಹೋದ ವಾರದ ಪುಡಿ ಉದುರುತ್ತದೆ. ಎಂಜಿನ್ ಮತ್ತು ಸೈಲೆನ್ಸರ್ ಸಂದಿಯಲ್ಲಿ ಸೇರಿದ ಒಣ ಎಲೆಯನ್ನು ಬ್ರಷ್‌ನಿಂದ ತೆಗೆಯುತ್ತೇನೆ. ಬೆಂಕಿ ಹತ್ತುವುದು ಅಲ್ಲಿಂದಲೇ. ಆಮೇಲೆ ಎನ್95 ಮಾಸ್ಕ್, ಕಿವಿಗೆ ಮಫ್. ಡೆಕ್ ಮೂರು ಇಂಚಿಗೆ, ಗೇರ್ ಒಂದನೆಯದು, ಎಂಜಿನ್ ಪೂರ್ತಿ ಥ್ರಾಟಲ್. ಪೈಪ್ ಬಲಕ್ಕೆ ಚಾಚಿಕೊಂಡಿರುವುದರಿಂದ ಸಾಧ್ಯವಾದಷ್ಟು ಎಡಕ್ಕೇ ತಿರುಗುತ್ತಾ ಹೊರಗಿನಿಂದ ಒಳಕ್ಕೆ ಸುತ್ತು ಹಾಕುತ್ತೇನೆ. ಸೀಸನ್ ಮುಗಿದ ಮೇಲೆ ಪೆಟ್ರೋಲ್ ಬರುವ ನಲ್ಲಿಯನ್ನು ಮುಚ್ಚಿ, ಕಾರ್ಬೊರೇಟರ್ ಖಾಲಿಯಾಗಿ ಎಂಜಿನ್ ತಾನಾಗಿ ನಿಲ್ಲುವವರೆಗೂ ಓಡಿಸುತ್ತೇನೆ. ಇಲ್ಲಿನ ಪೆಟ್ರೋಲಿನಲ್ಲಿ 10 ಪ್ರತಿಶತದವರೆಗೆ ಎಥನಾಲ್ ಇರುತ್ತದೆ. ಹಾಗೇ ಬಿಟ್ಟರೆ ವಸಂತಕ್ಕೆ ಕಾರ್ಬೊರೇಟರ್ ಅಂಟಂಟು.

ಜಾಗದ ಹಿಂದಿನ ಅಂಚಿನ ಮರಗಳ ಕೆಳಗೆ ನಾನು ಗಾಡಿ ಓಡಿಸುವುದಿಲ್ಲ. ಮಿಂಚುಹುಳುಗಳ ಮರಿಗಳೂ ಎಷ್ಟೋ ಪತಂಗಗಳೂ ಚಳಿಗಾಲ ಕಳೆಯುವುದು ಎಲೆಗಳ ಅಡಿಯಲ್ಲಿ. ಮಕ್ಕಳು ಆಡುವ ಜಾಗ ಮಾತ್ರ ಪೂರ್ತಿ ಚೊಕ್ಕಟ, ಯಾಕೆಂದರೆ ಉಣ್ಣಿಗಳೂ ಅದೇ ಎಲೆಗಳ ಅಡಿಯಲ್ಲೇ ಇರುತ್ತವೆ.

ಪುಡಿಯಾದ ಎಲೆ ಇಷ್ಟು ಬೆಲೆಬಾಳುತ್ತದೆ ಅಂತ ಕೊಳ್ಳುವಾಗ ಯೋಚಿಸಿರಲಿಲ್ಲ. ಅಮ್ಮ ಮಲೆನಾಡಿನ ಸಾಗರದಿಂದ ಬಂದಿದ್ದಾಗ ಪೆಟ್ಟಿಗೆಯ ಬಾಗಿಲು ತೆಗೆದು ರಾಶಿ ಸುರಿದೆ. ಪಕ್ಕದ ಅಜ್ಜ ಒಂದಷ್ಟು ಕೇಳಿದ್ದರು. ಅಮ್ಮ ಒಂದು ಹಿಡಿ ಕೈಗೆತ್ತಿಕೊಂಡು, ಹಿಸುಕಿ, ಮೂಸಿ ನೋಡಿ, "ಇಷ್ಟು ಚೆಂದದ ದರಕು! ಪೂರ್ತಿ ಕೊಟ್ಟುಬಿಡಬೇಡ ತಮಾ, ತರಕಾರಿ ಪಟ್ಟೆಗೆ ಹಾಕು" ಅಂದಳು. ಸೊಪ್ಪಿನ ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ, ಕಲ್ಲಿಯಲ್ಲಿ (ಹಗ್ಗದ ಬಲೆಚೀಲ) ಹೊತ್ತು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಅಡಿಕೆ ತೋಟಕ್ಕೆ ಹಾಕಿದವಳು ಅವಳು. ಅವಳಿಗೆ ಅದು ಕಸ ಅಂತ ಅನ್ನಿಸಲೇ ಇಲ್ಲ. ಅಂದಿನಿಂದ ರಾಶಿಯ ಬಹುಪಾಲು ನಮ್ಮ ಬದನೆ ಮತ್ತು ಬಸಳೆ ಪಟ್ಟೆಗೇ ಹೋಗುತ್ತದೆ. ಇಡೀ ಎಲೆ ಕೊಳೆಯುವುದು ಬಹಳ ನಿಧಾನ, ಚೂರಾದ ಎಲೆ ಬೇಗ ಮಣ್ಣಾಗುತ್ತದೆ. ಓಕ್ ಎಲೆ ಮಣ್ಣನ್ನು ಹುಳಿ ಮಾಡುತ್ತದೆ ಅಂತ ಇಲ್ಲಿ ತುಂಬಾ ಜನ ಹೆದರಿಸುತ್ತಾರೆ. ಹಸಿ ಎಲೆಯಲ್ಲಿ ಸ್ವಲ್ಪ ಹುಳಿ ಇರುವುದು ಹೌದು, ಕೊಳೆತಂತೆ ಅದು ಹೋಗುತ್ತದೆ. ನಮ್ಮ ಬದನೆಯಂತೂ ಚೆನ್ನಾಗಿಯೇ ಬರುತ್ತಿದೆ.

ಇನ್ನೂ ಸರಿಹೋಗದ್ದು ಇದೆ. ಗಾಡಿ ಕಟ್ಟಿಕೊಂಡು ರಿವರ್ಸ್ ತೆಗೆಯುವುದು ತ್ರಾಸು. ಪೆಟ್ಟಿಗೆ ಮಡಚಲು ಬರುವುದಿಲ್ಲ, ವರ್ಷವಿಡೀ ಗ್ಯಾರೇಜಿನ ಮೂಲೆ ತಿನ್ನುತ್ತದೆ. ಚೀಲವಾದರೆ ಮಡಚಿ ಇಡಬಹುದಿತ್ತು, ಈ ಒಂದು ವಿಷಯದಲ್ಲಿ ಕಂಪನಿಯವರದ್ದೇ ಮೇಲು. ಸದ್ದು ಜಾಸ್ತಿ, ಮಗು ಮಲಗಿರುವಾಗ ಓಡಿಸಲು ಆಗುವುದಿಲ್ಲ. ಓಕ್ ಕಾಯಿ ವಿಪರೀತ ಬಿಡುವ ವರ್ಷಗಳಲ್ಲಿ ಕಾಯಿಗಳು ಬ್ಲೋವರಿನ ಗೋಡೆಗೆ ಬಡಿಯುವ ಸದ್ದು ಎದೆ ನಡುಗಿಸುತ್ತದೆ. ಆಗ ಇಂಪೆಲ್ಲರಿನ ಅಂಚುಗಳನ್ನು ಆಗಾಗ ಟಾರ್ಚ್ ಹಾಕಿ ನೋಡಲೇಬೇಕು.

ಅರ್ಧ ಎಕರೆಗಿಂತ ಕಡಿಮೆ ಇದ್ದವರು ಇದನ್ನು ಕೊಳ್ಳಬೇಡಿ, ಮಲ್ಚಿಂಗ್ ಬ್ಲೇಡ್ ಹಾಕಿ ಎಲೆಯನ್ನು ಹುಲ್ಲಿನಲ್ಲೇ ಪುಡಿಮಾಡಿ ಬಿಡಿ. ಒಣ ಹವೆಯ ಊರಿನವರು ಕಂಪನಿ ಕೊಟ್ಟ ಚೀಲದಲ್ಲೇ ಸುಧಾರಿಸಬಹುದು. ನಮ್ಮ ಹಾಗೆ ಮಳೆಯಲ್ಲಿ ಎಲೆ ಉದುರುವ ಕಡೆ, ಗರಗಸ ಹಿಡಿಯಲು ಬರುವವರು ಮಾತ್ರ ತಗೊಳ್ಳಿ, ಅದೂ ಸೆಕೆಂಡ್ ಹ್ಯಾಂಡ್. ಹರಿದ ಚೀಲದ ಗಾಡಿ ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ, ಆ ಚೀಲ ನಿಮಗೆ ಹೇಗೂ ಬೇಡ. ನೋಡಲು ಹೋದಾಗ ಬ್ಲೋವರ್ ಓಡಿಸಿ, ಪೈಪಿನ ಬಾಯಿಗೆ ಒಂದು ಪೇಪರ್ ಹಾಳೆ ಹಿಡಿಯಿರಿ. ಚೀಲ ಮುಚ್ಚಿ ಒಂದು ಸಲ, ತೆರೆದು ಇನ್ನೊಂದು ಸಲ. ತೆರೆದಾಗಲೂ ಹಾಳೆ ಕೈಯಲ್ಲೇ ಉಳಿದರೆ ಇಂಪೆಲ್ಲರ್ ಸವೆದಿದೆ, ಆ ಗಾಡಿ ಬೇಡ.